ಅಟ್ಟದ ಮೇಲಿನ ಸಿ.ಡಿ.

“ಎರಡು ವರ್ಷದ ಹಿಂದೆ ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ನಮ್ಮ ತಂದೆಯವರಿಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಎಕ್ಸ್‌ರೇ ಚಿತ್ರ ತೆಗೆಯುವ ಪರೀಕ್ಷೆ) ಆಗಿತ್ತು. ಈಗ ಮತ್ತೆ ಎದೆನೋವೆಂದು ಶಿವಮೊಗ್ಗಕ್ಕೆ ಕರೆದೊಯ್ದರೆ ಅಲ್ಲಿ ಹಳೆಯ ಸಿ.ಡಿ. ತೆರೆಯಲೇ ಇಲ್ಲ. ಮೊದಲಿನ ಆಸ್ಪತ್ರೆಗೆ ಫೋನ್ ಮಾಡಿದರೆ ಅಳಿಸಿದ್ದೇವೆ ಎಂದರು. ಪರೀಕ್ಷೆ ಮತ್ತೊಮ್ಮೆ ಆಯಿತು. ರೋಗಿಯ ಕೈಗೆ ಸಿ.ಡಿ. ಕೊಟ್ಟು ಕೈತೊಳೆದುಕೊಳ್ಳುವ ಬದಲು ಆಸ್ಪತ್ರೆಗಳೇ ಎಲ್ಲವನ್ನೂ ಜೋಪಾನ ಮಾಡಿ ತಮ್ಮತಮ್ಮಲ್ಲೇ ಹಂಚಿಕೊಳ್ಳಬಾರದೇ?”
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ:

ಹಂಚಿಕೊಳ್ಳಲಿ, ಬೇಡವೆಂದವರು ಯಾರು? ನಡುರಾತ್ರಿ ಎದೆ ಹಿಡಿದುಕೊಂಡು ಬಂದವರ ಹತ್ತಿರ ಸಿ.ಡಿ. ಎಲ್ಲಿ ಎಂದು ಕೇಳಲಾಗುವುದಿಲ್ಲ. ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ‘ತಮ್ಮತಮ್ಮಲ್ಲೇ’ ಎಂದಿರಲ್ಲ, ಆ ಮಾತು ಚುಚ್ಚಿತು ಮಾರಾಯರೇ. ಎದೆ ನಿಮ್ಮ ತಂದೆಯವರದು. ಹಂಚಿಕೊಳ್ಳುವವರು ಬೇರೆಯವರೇ?

ನಮ್ಮ ಭಾವನವರ ಕತೆಯನ್ನೂ ಕೇಳಿ. ಅವರು ತಮ್ಮ ಆಂಜಿಯೋಗ್ರಾಂ ಸಿ.ಡಿ.ಯನ್ನು ಜಮೀನಿನ ಕಾಗದಗಳ ಜೊತೆ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ಬೂಷ್ಟು ಬಂದಿತ್ತು. ಒರೆಸಿ ಒಯ್ದರೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ! ಕೊನೆಗೆ ಮೊದಲಿನ ಆಸ್ಪತ್ರೆಗೇ ಹೋಗಿ, ಅವರ ಪರದೆಯ ಮೇಲೆ ಓಡುತ್ತಿದ್ದ ಚಿತ್ರವನ್ನು ನಾನೇ ಮೊಬೈಲಿನಲ್ಲಿ ಹಿಡಿದು ತಂದೆ. ಡಾಕ್ಟರು ನೋಡಿ, “ಇದರಲ್ಲಿ ರಕ್ತನಾಳಕ್ಕಿಂತ ನಿಮ್ಮ ಕೈ ನಡುಗಿದ್ದೇ ಚೆನ್ನಾಗಿ ಕಾಣುತ್ತಿದೆ” ಎಂದರು.

ವರದಿಯ ಕಾಗದ ಇತ್ತಲ್ಲ ಎನ್ನಬೇಡಿ. ರಕ್ತನಾಳ ಎಪ್ಪತ್ತು ಶೇಕಡಾ ಕಿರಿದಾಗಿದೆ ಎನ್ನುವುದು ನೋಡಿದ ಒಬ್ಬರ ಕಣ್ಣಂದಾಜು. ಇನ್ನೊಬ್ಬ ವೈದ್ಯರ ಕಣ್ಣಿಗೆ ಅದೇ ಜಾಗ ಐವತ್ತಾಗಿಯೂ ಕಂಡೀತು. ಕಿರಿದಾದ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಬೇಕೇ ಬೇಡವೇ ಎಂಬ ಮಾತು ಬಂದಾಗ ಮೂಲ ಚಿತ್ರವೇ ಬೇಕು.

ಒಂದು ಕಂಪನಿಯ ಯಂತ್ರದ ಚಿತ್ರ ಇನ್ನೊಂದರಲ್ಲಿ ತೆರೆಯುವುದಿಲ್ಲ ಎಂಬ ಸಬೂಬು ಹಳೆಯದು. ಆ ತಲೆನೋವಿಗೆಂದೇ ಅಮೆರಿಕದ ವಿಕಿರಣತಜ್ಞರೂ ಯಂತ್ರ ತಯಾರಕರೂ ಕೂಡಿ 1985ರಲ್ಲಿ ಒಂದು ಮಾನದಂಡ ತಂದರು. 1993ರಲ್ಲಿ ಅದಕ್ಕೆ ಡೈಕಾಂ ಎಂಬ ಹೆಸರು ಬಂತು. ರೋಗಿಯ ಹೆಸರು, ತಾರೀಕು, ಯಂತ್ರದ ವಿವರ ಎಲ್ಲವೂ ಚಿತ್ರದ ಕಡತದೊಳಗೇ ಇರುತ್ತವೆ. ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್‌ನಲ್ಲಿ ಕಳಿಸಿದರೆ ಈ ವಿವರವೂ ಹೋಯಿತು, ಚಿತ್ರದ ಸೂಕ್ಷ್ಮವೂ ಹೋಯಿತು.

ಇನ್ನೂ ಹಿಂದಕ್ಕೆ ಹೋಗೋಣ. 1905ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಐಂಥೋವನ್ ಎಂಬ ವಿಜ್ಞಾನಿ, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡು ಇ.ಸಿ.ಜಿ. ಬರೆಸಿದ್ದ. ನಮ್ಮ ಎದೆಯ ಚಿತ್ರ ಇವತ್ತಿಗೂ ಪ್ಲಾಸ್ಟಿಕ್ ಚೀಲದಲ್ಲಿ ಕುಳಿತು, ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನೊಂದಿಗೆ ವಾಲಾಡುತ್ತಾ ಬರುತ್ತದೆ!

ನಿಮ್ಮನ್ನೂ ಸ್ವಲ್ಪ ಗದರಿಸಬೇಕು. ಅಳಿಸಿದ್ದೇವೆ ಎಂದೊಡನೆ ಫೋನ್ ಇಟ್ಟುಬಿಟ್ಟಿರಾ? ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯೇ ಹೇಳುತ್ತದೆ. ಚಿತ್ರವೂ ದಾಖಲೆಯೇ ಎಂದು ನಾನು ಓದಿಕೊಳ್ಳುತ್ತೇನೆ. ತಂದೆಯವರು ದಾಖಲಾಗಿದ್ದರೆ ಅವರಿಂದಲೇ ಸಹಿ ಮಾಡಿಸಿ ಒಂದು ಅರ್ಜಿ ಕೊಡಿ. ಬಾಯಿಮಾತಿಗೆ ಬಾಯಿಮಾತೇ ಉತ್ತರ.

ಹತ್ತು ಗುಂಟೆ ಗದ್ದೆಯ ಪಹಣಿಯನ್ನು ಇವತ್ತು ಮೊಬೈಲಿನಲ್ಲೇ ನೋಡಬಹುದು. ಒಂದು ಕಾಲಕ್ಕೆ ಅದಕ್ಕಾಗಿ ಎಷ್ಟು ಸಲ ಶಾನುಭೋಗರ ಜಗಲಿ ಹತ್ತಬೇಕಿತ್ತು ಎಂಬುದನ್ನು ನಿಮ್ಮ ತಂದೆಯವರನ್ನೇ ಕೇಳಿ. ಪುಸ್ತಕ ಅವರ ಕಪಾಟಿನಲ್ಲಿ ಭದ್ರವಾಗಿಯೇ ಇತ್ತು, ನಮ್ಮ ಕೈಗೆ ಸಿಗುತ್ತಿರಲಿಲ್ಲ ಅಷ್ಟೆ. ಆಸ್ಪತ್ರೆಗಳೂ ಹೊಸ ಶಾನುಭೋಗರಾಗುವುದು ನನಗೆ ಬೇಡ. ಆಭಾ ಎಂಬ 14 ಅಂಕಿಗಳ ಆರೋಗ್ಯ ಸಂಖ್ಯೆಯ ಯೋಜನೆಯಲ್ಲಿ ನನಗೆ ಹಿಡಿಸಿದ್ದೂ ಇದೇ: ದಾಖಲೆ ಆಸ್ಪತ್ರೆಯಲ್ಲೇ ಇದ್ದರೂ ರೋಗಿ ಒಪ್ಪಿದರೆ ಮಾತ್ರ ಅಲ್ಲಿಂದ ಹೊರಡಬೇಕು. ಆದರೆ ಒಪ್ಪಿಗೆಗೆ ಮೊಬೈಲಿಗೆ ಒಟಿಪಿ ಬರಬೇಕು, ಒಟಿಪಿಗೆ ಸಿಗ್ನಲ್ ಬೇಕು, ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಗುಡ್ಡ ಹತ್ತುವ ಎದೆಯಾಗಿದ್ದರೆ ಆಂಜಿಯೋಗ್ರಾಂ ಯಾಕೆ ಬೇಕಿತ್ತು?

ಭಾವನವರು ಈಗ ಮೂಲ ಕಡತಗಳನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಎಲೆಅಡಿಕೆ ಸಂಚಿಯಲ್ಲಿಟ್ಟಿದ್ದಾರೆ. ಸಂಚಿ ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ. ನೀವೂ ಈ ಸಲದ ಚಿತ್ರಗಳನ್ನು ಕೇಳಿ ಪಡೆಯಿರಿ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇನ್ನೊಂದು ಪ್ರತಿ ಇರಲಿ. ಅರ್ಜಿಗೆ ಏನು ಉತ್ತರ ಬಂತೆಂದು ನಮಗೂ ಬರೆಯಿರಿ. ಹೋದ ತಿಂಗಳ ಸಂಚಿಕೆ ತಲುಪಿಲ್ಲವೆಂದು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೀರಿ, ಅದನ್ನು ಮತ್ತೆ ಅಂಚೆಗೆ ಹಾಕಿಸಿದ್ದೇನೆ.