ಪ್ರತಿಕ್ರಿಯೆ: ಡಾರ್ಲಿಂಗ್‌ಟನ್ ಏಕೆ ಶ್ರೇಷ್ಠ?

ಅಮೆರಿಕದ ಡೇಟೋನಾ, ಟ್ಯಾಲಡೇಗಾ ಎಂಬ ಕಾರ್ ಓಟದ ಪಥಗಳಷ್ಟು ವೇಗವಿಲ್ಲದ ಡಾರ್ಲಿಂಗ್‌ಟನ್ ಪಥವನ್ನು ಸ್ಟಾಕ್ ಕಾರ್ (ಸಾಮಾನ್ಯ ಕಾರುಗಳ ರೂಪವನ್ನು ಹೋಲುವ ಓಟದ ಕಾರು) ಓಟದ ಅಭಿಮಾನಿಗಳು ಅಷ್ಟೊಂದು ಹೊಗಳುವುದೇಕೆ ಎಂದು ತಾವು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಪಥದ ಶ್ರೇಷ್ಠತೆಯನ್ನು ಅಳೆಯಬೇಕಾದದ್ದು ವೇಗದಿಂದಲ್ಲ, ಚಾಲಕನು ತಪ್ಪು ಮಾಡಲು ಅದು ಎಷ್ಟು ಅವಕಾಶ ಕೊಡುತ್ತದೆ ಎಂಬುದರಿಂದ.

ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿ 1950ರಲ್ಲಿ ಆರಂಭವಾದ ಈ ಪಥದ ಉದ್ದ 1.366 ಮೈಲಿ. ಜಾಗ ಮಾರಿದವರ ಮೀನಿನ ಕೊಳವನ್ನು ಮುಟ್ಟುವುದಿಲ್ಲವೆಂದು ನಿರ್ಮಾಪಕ ಹೆರಾಲ್ಡ್ ಬ್ರಾಸಿಂಗ್‌ಟನ್ ಮಾತು ಕೊಟ್ಟಿದ್ದರಿಂದ ಒಂದು ತುದಿಯನ್ನು ಕಿರಿದಾಗಿಸಬೇಕಾಯಿತು. ಹೀಗೆ ಪಥಕ್ಕೆ ಮೊಟ್ಟೆಯ ಆಕಾರ ಬಂತು. (ಕೊಳವೊಂದು ಓಟದ ಸ್ವರೂಪವನ್ನೇ ನಿರ್ಧರಿಸಿದ್ದು ನನಗೆ ಇಂದಿಗೂ ಸೋಜಿಗ!) ಎರಡು ತುದಿಗಳ ತಿರುವುಗಳು ಒಂದೇ ತೆರನಾಗಿಲ್ಲ: ಒಂದೆಡೆ ಇಳಿಜಾರು (ಪಥವು ಒಳಬದಿಗೆ ವಾಲಿರುವ ಕೋನ) 25 ಡಿಗ್ರಿ, ಇನ್ನೊಂದೆಡೆ 23 ಡಿಗ್ರಿ. ಆದ್ದರಿಂದ ಒಂದು ತುದಿಗೆ ಹೊಂದುವಂತೆ ಕಾರನ್ನು ಸಜ್ಜುಗೊಳಿಸಿದರೆ ಇನ್ನೊಂದು ತುದಿಯಲ್ಲಿ ಅದು ತೊಂದರೆ ಕೊಡುತ್ತದೆ, ಮತ್ತು ಆ ಕೊರತೆಯನ್ನು ಚಾಲಕನೇ ತನ್ನ ಕೈಚಳಕದಿಂದ ತುಂಬಿಕೊಳ್ಳಬೇಕಾಗುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಒರಟಾದ ಮೇಲ್ಮೈ. ಅದು ಟೈರುಗಳನ್ನು ಬೇಗ ಸವೆಸುವುದರಿಂದ, ಮೊದಲ ಕೆಲವು ಸುತ್ತುಗಳಲ್ಲಿ ಮುನ್ನುಗ್ಗಿದವನು ನಂತರ ಹಿಡಿತ ಕಳೆದುಕೊಂಡು ಹಿಂದೆ ಬೀಳುತ್ತಾನೆ, ತಾಳ್ಮೆಯಿಂದ ಟೈರು ಉಳಿಸಿಕೊಂಡವನು ಅವನನ್ನು ದಾಟುತ್ತಾನೆ. ವೇಗದ ದಾರಿ ಹೊರಗೋಡೆಗೆ ತೀರಾ ಸಮೀಪದಲ್ಲಿರುವುದರಿಂದ ಕಾರಿನ ಬಲಬದಿ ಗೋಡೆಗೆ ಉಜ್ಜುವುದು ಸಾಮಾನ್ಯ. ಆ ಗುರುತಿಗೆ ‘ಡಾರ್ಲಿಂಗ್‌ಟನ್ ಪಟ್ಟೆ’ ಎಂಬ ಹೆಸರೇ ಇದೆ.

ಟ್ಯಾಲಡೇಗಾದಲ್ಲಿ 33 ಡಿಗ್ರಿ ಇಳಿಜಾರಿನಿಂದಾಗಿ ವೇಗವರ್ಧಕವನ್ನು ಬಹುಮಟ್ಟಿಗೆ ಒತ್ತಿಯೇ ಇಡಬಹುದು. ಕಾರುಗಳು ಒತ್ತೊತ್ತಾಗಿ ಸಾಗುವ ಅಲ್ಲಿನ ಗುಂಪಿನ ಓಟ ರೋಚಕವೇ ಸರಿ, ಆದರೆ ಅದರಲ್ಲಿ ಅದೃಷ್ಟದ ಪಾಲು ಹೆಚ್ಚೆಂದು ನನಗನ್ನಿಸುತ್ತದೆ.