ಅತ್ಯುತ್ತಮ ಆಟಗಾರನೇ ನಾಯಕನಾಗಬೇಕೇ?

ವೃತ್ತಿಪರ ಕ್ರೀಡೆಯಲ್ಲಿ ಪ್ರತಿಭೆ ದೊಡ್ಡದೋ, ನಾಯಕತ್ವವೋ ಎಂಬುದು ನಿಮ್ಮ ಪ್ರಶ್ನೆ. ಪ್ರತಿಭೆಯಿಲ್ಲದ ತಂಡವನ್ನು ಯಾವ ನಾಯಕನೂ ಗೆಲ್ಲಿಸಲಾರ. ಆದರೆ ಇರುವ ಪ್ರತಿಭೆಯನ್ನು ಹೊರತೆಗೆಯುವುದು ಬೇರೆಯೇ ವಿದ್ಯೆ.

ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಿನ 1981ರ ಆ್ಯಷಸ್ ಟೆಸ್ಟ್ ಕ್ರಿಕೆಟ್ ಸರಣಿಯನ್ನೇ ನೋಡಿ. ಇಯಾನ್ ಬೋಥಮ್ ಇಂಗ್ಲೆಂಡಿನ ದೈತ್ಯ ಪ್ರತಿಭೆ. ಆದರೆ ನಾಯಕನಾಗಿ ಆಡಿದ 12 ಟೆಸ್ಟ್‌ಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಲಾರ್ಡ್ಸ್ ಮೈದಾನದ ಟೆಸ್ಟ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ ಹುದ್ದೆ ಬಿಟ್ಟರು. ಬದಲಿಗೆ ಬಂದ ಮೈಕ್ ಬ್ರೇರ್ಲಿ 39 ಟೆಸ್ಟ್‌ಗಳಲ್ಲಿ ಒಂದು ಶತಕವನ್ನೂ ಬಾರಿಸದವರು! ಮುಂದಿನ ಹೆಡಿಂಗ್ಲಿ ಟೆಸ್ಟ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲಿ ತೀರಾ ಹಿಂದೆ ಬಿದ್ದು ಫಾಲೋಆನ್‌ಗೆ (ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾದ ಸ್ಥಿತಿಗೆ) ಒಳಗಾದ ತಂಡಕ್ಕೆ ಅದೇ ಬೋಥಮ್ ಅಜೇಯ 149 ರನ್ ಗಳಿಸಿಕೊಟ್ಟರು; ಬಾಬ್ ವಿಲ್ಲಿಸ್ 43 ರನ್‌ಗೆ 8 ವಿಕೆಟ್ ಕಿತ್ತರು. ಇಂಗ್ಲೆಂಡ್ 18 ರನ್‌ಗಳಿಂದ ಗೆದ್ದಿತು. ಹೆಗಲ ಮೇಲಿನ ಹೊರೆ ಇಳಿದದ್ದೇ ಬೋಥಮ್‌ರನ್ನು ಉಳಿಸಿತು ಎಂದು ನಾನು ಬಲವಾಗಿ ನಂಬುತ್ತೇನೆ.

ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 2002ರಲ್ಲಿ ಟೆಸ್ಟ್‌ಗೆ ವಿದಾಯ ಹೇಳಿದ್ದರು. ಅವರ ಮನವೊಲಿಸಿ ಮರಳಿ ಕರೆತಂದವರು ನಾಯಕ ಸೌರವ್ ಗಂಗೂಲಿ. 2003ರ ವಿಶ್ವಕಪ್‌ನಲ್ಲಿ ಜಹೀರ್, ನೆಹ್ರಾ ಅವರಂಥ ಎಳೆಯರ ಜೊತೆ ಶ್ರೀನಾಥ್ ಬೌಲ್ ಮಾಡಿದರು. ಭಾರತ ಫೈನಲ್ ತಲುಪಿತು.

ಹಾಗೆಂದು ಪ್ರತಿ ಸೋಲನ್ನೂ ನಾಯಕನ ತಲೆಗೆ ಕಟ್ಟುವುದು ನ್ಯಾಯವಲ್ಲ. 2010ರ ಜನವರಿಯಲ್ಲಿ ನಮ್ಮ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲೇ ನಡೆದ ರಣಜಿ ಫೈನಲ್‌ನಲ್ಲಿ ಮನೀಷ್ ಪಾಂಡೆ 144 ರನ್ ಗಳಿಸಿದರೂ ಕರ್ನಾಟಕ ಮುಂಬೈಗೆ ಸೋತದ್ದು ಬರೀ 6 ರನ್‌ಗಳಿಂದ. ಒಂದೇ ಒಂದು ಸಿಕ್ಸರ್‌ನಷ್ಟು ಅಂತರ. ಅದರಲ್ಲಿ ನಾಯಕತ್ವದ ಕೊರತೆಯನ್ನು ನಾನಂತೂ ಹುಡುಕುವುದಿಲ್ಲ.