ನಾಯಿ, ಬೆಕ್ಕು, ಮೀನು: ಮೂರನ್ನೂ ಒಂದೇ ಕಡೆ ಬಿಡಬೇಡಿ

ಮೇಡಂ, ದೀಪಾವಳಿ ರಜೆಗೆ ಅತ್ತೆ ಮಾವನ ಜೊತೆ ಹತ್ತು ದಿನ ಕಾಶಿಗೆ ಹೊರಟಿದ್ದೀರಿ. ಮನೆಯಲ್ಲಿ ಮೂರು ವರ್ಷದ ಲ್ಯಾಬ್ (ಲ್ಯಾಬ್ರಡಾರ್ ನಾಯಿ), ಒಂದು ಗಂಡು ಬೆಕ್ಕು, ಹಾಲ್‌ನಲ್ಲಿ ಮೀನಿನ ತೊಟ್ಟಿ ಇದೆ. ಮೂರನ್ನೂ ನೋಡಿಕೊಳ್ಳುವ ಒಂದೇ ಜಾಗ ಬೆಂಗಳೂರಿನ ಜೆಪಿ ನಗರದ ಹತ್ತಿರ ಸಿಗುತ್ತದಾ ಅಂತ ನಮ್ಮ ಸಾಕುಪ್ರಾಣಿ ಗುಂಪಿನಲ್ಲಿ ಕೇಳಿದ್ದೀರಿ. ನನ್ನನ್ನು ಕೇಳಿದರೆ ಅಂಥ ಜಾಗ ಹುಡುಕುವುದೇ ಬೇಡ. ನಾಯಿಗೆ ಜೊತೆಯಲ್ಲಿ ಜನ ಬೇಕು. ಬೆಕ್ಕಿಗೆ ತನ್ನ ಮನೆ ಬೇಕು, ಜನ ಆಮೇಲೆ. ಮೀನಿನ ತಂಟೆಗೆ ಯಾರೂ ಹೋಗದಿದ್ದರೆ ಸಾಕು. ಮೂರಕ್ಕೂ ಬೇರೆ ಬೇರೆ ಏರ್ಪಾಡು ಮಾಡಿ.

ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು ನಾಯಿಯನ್ನೂ ರೈಲಿನಲ್ಲಿ ಕರೆದುಕೊಂಡು ಹೋಗಿ ಅಂದಿದ್ದಾರೆ. ಆಗುತ್ತದೆ, ಆದರೆ ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿರಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆಯೇ ಗತಿ. ಟೂ ಟಯರ್, ತ್ರೀ ಟಯರ್, ಸ್ಲೀಪರ್‌ನಲ್ಲಿ ಬಿಡುವುದಿಲ್ಲ. ಕಾಶಿಯವರೆಗೆ ಸುಮಾರು ಎರಡು ದಿನದ ದಾರಿ, ಅಲ್ಲಿ ಹೋದ ಮೇಲೆ ದೇವಸ್ಥಾನ, ಘಾಟ್, ಜನಜಂಗುಳಿ. ಪಾಪ, ಅದಕ್ಕೂ ಹಿಂಸೆ, ನಿಮಗೂ ಹಿಂಸೆ. ಬಿಟ್ಟುಹೋಗಿ.

ಲ್ಯಾಬ್‌ಗೆ ನಾನು ಹೇಳುವುದು ಹೋಮ್ ಬೋರ್ಡಿಂಗ್. ಅಂದರೆ ಯಾರದೋ ಮನೆಯಲ್ಲಿ, ಎರಡು ಮೂರು ನಾಯಿಗಿಂತ ಜಾಸ್ತಿ ಇಟ್ಟುಕೊಳ್ಳದವರ ಹತ್ತಿರ. ಕನಕಪುರ ರಸ್ತೆ, ಸರ್ಜಾಪುರ ಕಡೆ ತೋಟದಂಥ ದೊಡ್ಡ ಜಾಗಗಳೂ ಇವೆ. ಫೋಟೋದಲ್ಲಿ ಹುಲ್ಲುಹಾಸು, ಈಜುಕೊಳ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಅಲ್ಲಿ ಯಾರು ಮಲಗುತ್ತಾರೆ? "ಕ್ಯಾಮೆರಾ ಇದೆ ಮೇಡಂ" ಅನ್ನುವ ಉತ್ತರ ಬಂದರೆ ನಮಸ್ಕಾರ ಹೇಳಿ ಬನ್ನಿ. ರಾತ್ರಿ ಎರಡು ಗಂಟೆಗೆ ನಾಯಿ ವಾಂತಿ ಮಾಡಿಕೊಂಡರೆ ಕ್ಯಾಮೆರಾ ಎದ್ದು ಬರುವುದಿಲ್ಲ.

ನೋಡಲು ಹೋದಾಗ ಆಫೀಸಿನಲ್ಲಿ ಕೂತು ಮಾತಾಡಬೇಡಿ, ನಾಯಿಗಳು ಮಲಗುವ ಕಡೆ ಹೋಗಿ. ಅಲ್ಲಿರುವ ಒಂದು ನಾಯಿಯ ಕಿವಿ ಮಡಚಿ ಒಳಗೆ ನೋಡಿ, ಕಾಲ್ಬೆರಳ ಸಂದು ಬಿಡಿಸಿ ನೋಡಿ. ಗೋಡೆಯ ಬಿರುಕು, ಸೂರಿನ ಮೂಲೆ ನೋಡಿ. ನಮ್ಮಲ್ಲಿ ನಾಯಿಗೆ ಹತ್ತುವ ಉಣ್ಣಿ ಗೋಡೆ ಏರಿ ಬಿರುಕಿನಲ್ಲಿ ಅಡಗುತ್ತದೆ, ಮೊಟ್ಟೆಯನ್ನೂ ಅಲ್ಲೇ ಇಡುತ್ತದೆ. ನಾಯಿಗೆ ಎಷ್ಟು ಔಷಧಿ ಹಾಕಿದರೂ ಗೋಡೆಯಲ್ಲಿ ಇದ್ದರೆ ಮುಗಿಯುವ ಕಥೆಯಲ್ಲ. ಬೆಂಗಳೂರಿನಲ್ಲಿ ಟಿಕ್ ಫೀವರ್ (ಉಣ್ಣಿ ಕಚ್ಚಿ ಬರುವ ಜ್ವರ) ಎಷ್ಟು ಅಂತ ಈ ಗುಂಪಿನಲ್ಲಿ ಯಾರಿಗೂ ಹೇಳಬೇಕಿಲ್ಲ. ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ ಉಣ್ಣಿ ಮಾತ್ರೆ ಕೊಟ್ಟುಬಿಡಿ. ಗೇಟು ಎರಡು ಇದೆಯಾ ನೋಡಿ, ಒಂದು ಹಾಕಿದ ಮೇಲೆ ಇನ್ನೊಂದು ತೆಗೆಯುವ ಹಾಗೆ. ನಿಮ್ಮ ಲಸಿಕೆ ಪುಸ್ತಕವನ್ನು ಅವರೇ ಕೇಳಬೇಕು. ಕೇಳಲಿಲ್ಲ ಅಂದರೆ ಉಳಿದವರನ್ನೂ ಕೇಳಿಲ್ಲ ಅಂತ ಅರ್ಥ, ಅಲ್ವಾ? ರೇಬಿಸ್ ಲಸಿಕೆ, ಡಿಎಚ್‌ಪಿಪಿಐ (ಡಿಸ್ಟೆಂಪರ್, ಪಾರ್ವೋ ಮುಂತಾದವಕ್ಕೆ ಒಟ್ಟಿಗೆ ಹಾಕುವ ಲಸಿಕೆ) ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳಿ. ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆ ಹಾಕಿಸಿಲ್ಲದಿದ್ದರೆ ಈಗಲೇ ಡಾಕ್ಟರ ಹತ್ತಿರ ಮಾತಾಡಿ. ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಅದು ಕೆಲಸ ಮಾಡಲು ಟೈಮೇ ಸಿಗುವುದಿಲ್ಲ.

ಹತ್ತು ದಿನಕ್ಕೆ ಬಿಡುವ ಮೊದಲು ಒಂದು ರಾತ್ರಿ ಬಿಟ್ಟು ನೋಡಿ. ಊಟ ಮಾಡಿತಾ, ಕಕ್ಕ ಸರಿಯಾಗಿ ಮಾಡಿತಾ, ಇದೆರಡೇ ಸಾಕು. ಮನೆಯಲ್ಲಿ ಏನು ತಿನ್ನುತ್ತದೋ ಅದನ್ನೇ ಕೊಡಲಿ. ಮೊಸರನ್ನ, ಚಿಕನ್ ತಿಂದು ಬೆಳೆದ ನಾಯಿಗೆ ಏಕ್‌ದಂ ಅವರ ಡ್ರೈ ಫುಡ್ ಹಾಕಿದರೆ ಭೇದಿ ಗ್ಯಾರಂಟಿ. ಇನ್ನೊಂದು ಮಾತು ಖಂಡಿತ ಹೇಳಿ: ಹಬ್ಬದ ತಿಂಡಿ ಬೇಡ. ಪ್ರೀತಿಯಿಂದ ಒಂದು ಬಟ್ಟಲು ಪಾಯಸ ಇಡುತ್ತಾರೆ, ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಹಾಳು ಮಾಡಬಹುದು. ಈರುಳ್ಳಿ, ಚಾಕೊಲೇಟ್ ಕೂಡ ಬೇಡ.

ಪಟಾಕಿ ವಿಷಯ ಹಗುರವಾಗಿ ತಗೋಬೇಡಿ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಜನ, ಮೇಲಿಂದ ಸದ್ದು. ಬೆದರಿ ಓಡಿದ ನಾಯಿಗೆ ಅಲ್ಲಿಂದ ಮನೆ ದಾರಿ ಗೊತ್ತಿರುವುದಿಲ್ಲ. ದೀಪಾವಳಿಯ ಮೂರು ದಿನ ಕತ್ತಲಾಗುವ ಮೊದಲೇ ವಾಕ್ ಮುಗಿಸಲಿ, ಸಂಜೆ ಮೇಲೆ ಒಳಗಿನ ಕೋಣೆಯಲ್ಲಿ ಫ್ಯಾನೋ ಟಿವಿಯೋ ಹಾಕಿ ಇಟ್ಟುಕೊಳ್ಳಲಿ. ಕಾಲರ್‌ಗೆ ಎರಡು ನಂಬರ್ ಇರುವ ಬಿಲ್ಲೆ ಹಾಕಿ. ನಿಮ್ಮದೊಂದು, ಊರಲ್ಲೇ ಇರುವ ಒಬ್ಬರದೊಂದು. ನೀವು ರೈಲಿನಲ್ಲಿ ಸಿಗ್ನಲ್ ಇಲ್ಲದೆ ಕೂತಿದ್ದರೆ ನಿಮ್ಮ ನಂಬರ್ ಇದ್ದೂ ಇಲ್ಲದ ಹಾಗೆ.

ಬಹಳ ಜನ ಮರೆಯುವುದು ಚೀಟಿ. ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ: "ನಾವು ಊರಲ್ಲಿ ಇಲ್ಲದಾಗ ನಮ್ಮ ನಾಯಿಗೆ ಚಿಕಿತ್ಸೆ ಕೊಡಿಸಲು ಇವರಿಗೆ ಒಪ್ಪಿಗೆ ಇದೆ. ಇಷ್ಟು ರೂಪಾಯಿವರೆಗೆ ನಮ್ಮನ್ನು ಕೇಳದೆ ಖರ್ಚು ಮಾಡಬಹುದು." ಮೊತ್ತ ನೀವೇ ತುಂಬಿ. ಹಣವನ್ನೂ ಕೊಟ್ಟೇ ಹೋಗಿ. ಇಲ್ಲದಿದ್ದರೆ ಅವರು ನಿಮ್ಮ ಫೋನಿಗೆ ಕಾಯುತ್ತಾ ಕೂರುತ್ತಾರೆ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ನಿಮಗೆ ಗೊತ್ತೇ ಇರುತ್ತದೆ, ಆದರೆ ಹಬ್ಬದ ರಾತ್ರಿಗೆ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಬೋರ್ಡಿಂಗ್ ಹತ್ತಿರದ ಇಪ್ಪತ್ನಾಲ್ಕು ಗಂಟೆಯ ಕ್ಲಿನಿಕ್ ಒಂದನ್ನು ಗುರುತು ಮಾಡಿ. ರಾತ್ರಿ ಹನ್ನೊಂದಕ್ಕೆ ಒಂದು ಸಲ ಫೋನ್ ಮಾಡಿ, ಡಾಕ್ಟರ್ ಇರುತ್ತಾರಾ ಅಂತ ಕೇಳಿ. ಬೋರ್ಡಿನ ಮೇಲೆ ಬರೆದಿರುವುದೇ ಬೇರೆ, ಫೋನ್ ಎತ್ತುವುದೇ ಬೇರೆ.

ಬೆಕ್ಕನ್ನು ಮನೆಯಿಂದ ಅಲುಗಿಸಬೇಡಿ. ಬೆಳಿಗ್ಗೆ ಸಂಜೆ ಬಂದು ಅರ್ಧ ಗಂಟೆ ಕೂರುವ ಒಬ್ಬರು ಸಾಕು. ಮಹಡಿ ಮೇಲಿನ ಪಕ್ಕದ ಮನೆಯವರಾದರೂ ಸರಿ, ದುಡ್ಡು ಕೊಟ್ಟು ಕರೆಸುವ ಸಿಟ್ಟರ್ ಆದರೂ ಸರಿ. ಅಪಾರ್ಟ್‌ಮೆಂಟ್ ಆದರೆ ಹತ್ತು ದಿನದ ಪ್ರವೇಶಕ್ಕೆ ಗೇಟಿನಲ್ಲಿ ಮೊದಲೇ ಹೇಳಿಡಿ. ಬಂದವರು ಬಟ್ಟಲು ತುಂಬಿಸಿ ಹೋದರೆ ಆಗಲಿಲ್ಲ, ಬೆಕ್ಕನ್ನು ಕಣ್ಣಾರೆ ನೋಡಬೇಕು. ಬೀರು ತೆಗೆದಾಗ ಒಳಗೆ ನುಗ್ಗಿ, ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ಉಪವಾಸ ಮುಂದುವರಿದರೆ ಲಿವರ್‌ಗೆ ಕೊಬ್ಬು ಸೇರಿಕೊಳ್ಳುತ್ತದೆ, ದಪ್ಪ ಬೆಕ್ಕಿಗಂತೂ ಜಾಸ್ತಿ ಅಪಾಯ. ನಿಮ್ಮದು ಗಂಡು ಬೆಕ್ಕು, ಗಂಡಿಗೆ ಉಚ್ಚೆ ಕಟ್ಟಿಕೊಳ್ಳುವ ಭಯ ಜಾಸ್ತಿ, ಆದ್ದರಿಂದ ಲಿಟ್ಟರ್ ಬಾಕ್ಸಿನಲ್ಲಿ (ಬೆಕ್ಕು ಕಕ್ಕ, ಉಚ್ಚೆ ಮಾಡುವ ಮರಳಿನ ಡಬ್ಬ) ಉಚ್ಚೆಯ ಒದ್ದೆ ಉಂಡೆ ಇದೆಯಾ ದಿನಾ ನೋಡಲಿ. ಪದೇ ಪದೇ ಹೋಗಿ ಕೂತು, ತಿಣುಕಿದರೂ ಉಚ್ಚೆ ಬರದಿದ್ದರೆ ನಾಳೆ ನೋಡೋಣ ಅನ್ನುವಂತಿಲ್ಲ, ಆಗಲೇ ಎತ್ತಿಕೊಂಡು ಹೋಗಬೇಕು. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ. ನಾಯಿಯ ಉಣ್ಣಿ ಔಷಧಿಯನ್ನು ಬೆಕ್ಕಿಗೂ ಹಚ್ಚಬಾರದು, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಅದೂ ವಿಷವೇ. ಈ ಎರಡು ಔಷಧಿಯನ್ನೂ ಬೀಗ ಹಾಕಿ ಇಡಿ.

ಮೀನಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಊಟ ಇಲ್ಲದೆ ಇರುತ್ತದೆ. ಊರಿಗೆ ಹೋದಾಗ ಮೀನು ಸಾಯುವುದು ಹೆಚ್ಚಾಗಿ ಹಸಿವಿನಿಂದಲ್ಲ, ನೆರೆಯವರು ಹಿಡಿ ಹಿಡಿ ಸುರಿದ ಊಟ ಕೊಳೆತು ನೀರಿನಲ್ಲಿ ಅಮೋನಿಯಾ ವಿಷ ಹೆಚ್ಚಾಗಿ. ಅಜ್ಜಿಯರ ಮಾತ್ರೆ ಡಬ್ಬಿ ಇರುತ್ತದಲ್ಲ, ವಾರದ ಹೆಸರು ಬರೆದದ್ದು, ಅದರಲ್ಲಿ ಮೂರು ದಿನಕ್ಕೊಂದು ಚಿಟಿಕೆ ಹಾಕಿಡಿ. ಊಟದ ಡಬ್ಬವನ್ನೇ ಅಡಗಿಸಿ. ನೀರು ಬದಲಿಸುವುದನ್ನು ಹೊರಡುವ ಎರಡು ಮೂರು ದಿನ ಮೊದಲೇ ಮುಗಿಸಿ. ಫಿಲ್ಟರ್ ಸ್ವಿಚ್ಚಿಗೆ ಅಡ್ಡಲಾಗಿ ಟೇಪ್ ಅಂಟಿಸಿ "ಆರಿಸಬೇಡಿ" ಅಂತ ಬರೆಯಿರಿ. ಮನೆಯಲ್ಲಿ ಯಾರೂ ಇಲ್ಲ, ಕರೆಂಟ್ ಯಾಕೆ ದಂಡ ಅಂತ ಒಳ್ಳೆ ಮನಸ್ಸಿನಿಂದಲೇ ಆರಿಸಿಬಿಡುತ್ತಾರೆ.

ಬೋರ್ಡಿಂಗ್ ಬುಕ್ ಮಾಡುವಾಗ ಒಂದು ದಿನ ಹೆಚ್ಚಿಗೆ ಹಿಡಿಯಿರಿ, ಉತ್ತರದ ಕಡೆಯ ರೈಲು ತಡವಾಗುವುದು ಹೊಸದಲ್ಲ. ಹಬ್ಬದ ರೇಟು, ಮಾತ್ರೆ ಕೊಡುವುದಕ್ಕೆ, ಮನೆಯಿಂದ ಕರೆದೊಯ್ಯುವುದಕ್ಕೆ ಬೇರೆ ಚಾರ್ಜ್ ಇದೆಯಾ ಮೊದಲೇ ಕೇಳಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೆ ಮೂರು ವಾರ ನಾಯಿ ಮೇಲೆ ಕಣ್ಣಿರಲಿ. ಊಟ ಬಿಟ್ಟು ಮಂಕಾದರೆ, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ. ಟಿಕ್ ಫೀವರ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ.

ಹೊರಡುವ ತಾರೀಖು, ನಾಯಿ ಬೇರೆ ನಾಯಿಗಳ ಜೊತೆ ಹೊಂದಿಕೊಳ್ಳುತ್ತದಾ, ಇದೆರಡನ್ನು ಕೆಳಗೆ ಬರೆಯಿರಿ. ಬನಶಂಕರಿ, ಜಯನಗರ ಕಡೆಯ ಸದಸ್ಯರು ತಮಗೆ ಗೊತ್ತಿರುವ ಮನೆಗಳನ್ನು ಹೇಳುತ್ತಾರೆ. ದೀಪಾವಳಿಗೆ ಒಳ್ಳೆಯವರು ಬೇಗ ತುಂಬಿಹೋಗುತ್ತಾರೆ, ಈ ವಾರವೇ ನೋಡಿ.